ಮಾರ್ಮನ್ನರ ನಾಳೆಯನ್ನು ಯೂಟಾದಲ್ಲಿ ಮಾತ್ರ ಹುಡುಕಬೇಡಿ

ವೈಟ್‌ಫೀಲ್ಡ್‌ನ ಓದುಗ ಮಿತ್ರರೇ,

ಬೆಂಗಳೂರಿನಲ್ಲಿ ಮಾರ್ಮನ್ನರು (ಜೋಸೆಫ್ ಸ್ಮಿತ್ ಅಮೆರಿಕದಲ್ಲಿ ಹುಟ್ಟುಹಾಕಿದ, ಯೂಟಾ ರಾಜ್ಯದ ಸಾಲ್ಟ್ ಲೇಕ್ ನಗರದಲ್ಲಿ ಮುಖ್ಯ ಕಚೇರಿ ಇರುವ ಕ್ರೈಸ್ತ ಪಂಥದವರು) ದೇವಾಲಯ ಕಟ್ಟುವ ಸುದ್ದಿ ಓದಿ ನೀವು ಕೇಳಿದ್ದೀರಿ: ಅಮೆರಿಕದಲ್ಲಿ ಅವರ ಮಕ್ಕಳೇ ಇಂಟರ್ನೆಟ್‌ನಲ್ಲಿ ಹಳೆಯ ಇತಿಹಾಸ ಓದಿ ಚರ್ಚ್ ಬಿಡುತ್ತಿರುವಾಗ ಇಲ್ಲಿ ಯಾರಿಗಾಗಿ ಕಟ್ಟಡ, ಇನ್ನು ಐವತ್ತು ವರ್ಷಕ್ಕೆ ಈ ಮತ ಉಳಿದಿರುತ್ತಾ ಅಂತ.

ಉಳಿದಿರುತ್ತೆ. ದುಡ್ಡಿಗಂತೂ ಬರ ಇಲ್ಲ. ಸದಸ್ಯರು ಆದಾಯದ ಹತ್ತರಲ್ಲೊಂದು ಪಾಲು ದಶಮಾಂಶ ಕೊಡುತ್ತಾರೆ. ಆ ಹಣ ಹೂಡುವ ಸಂಸ್ಥೆ ತನ್ನ ಷೇರುಗಳ ವಿವರ ಮರೆಮಾಚಿದ್ದಕ್ಕೆ 2023ರಲ್ಲಿ ಅದಕ್ಕೂ ಚರ್ಚ್‌ಗೂ ಸೇರಿ 50 ಲಕ್ಷ ಡಾಲರ್ ದಂಡ ಬಿತ್ತು, ಅವರ ಗಂಟಿನ ಮುಂದೆ ಅದೇನೂ ಅಲ್ಲ ಬಿಡಿ.

ಇನ್ನು ತಲೆ ಎಣಿಕೆ. 1984ರಲ್ಲಿ ಸಮಾಜಶಾಸ್ತ್ರಜ್ಞ ರಾಡ್ನಿ ಸ್ಟಾರ್ಕ್ ಒಂದು ಲೆಕ್ಕ ಹಾಕಿದ್ದರು. ದಶಕಕ್ಕೆ ಶೇ 50ರಂತೆ ಬೆಳೆದರೆ 2080ಕ್ಕೆ 26.5 ಕೋಟಿ, ಶೇ 30ರಂತೆ ಆದರೆ 6 ಕೋಟಿ ಚಿಲ್ಲರೆ. ಈಗ ಚರ್ಚ್‌ನ ದಾಖಲೆಯಲ್ಲಿರುವುದು 1.7 ಕೋಟಿಗಿಂತ ಸ್ವಲ್ಪ ಜಾಸ್ತಿ. ಅಂದರೆ ದೊಡ್ಡ ಕನಸು ಆಗಲೇ ಕೈಬಿಟ್ಟ ಹಾಗೆ, ಚಿಕ್ಕದು ಇನ್ನೂ ಉಸಿರಾಡುತ್ತಿದೆ. ಆದರೆ ದಾಖಲೆಯಲ್ಲಿರುವವರೆಲ್ಲ ಭಾನುವಾರ ಬರುತ್ತಾರೆ ಅಂದುಕೊಳ್ಳಬೇಡಿ. ಬರುವುದು ನಿಲ್ಲಿಸಿದ ಮಾತ್ರಕ್ಕೆ ಹೆಸರು ಹೊಡೆದುಹಾಕುವುದಿಲ್ಲ.

ನಿಮ್ಮ ಕಣ್ಣು ಯೂಟಾದ ಮೇಲಿದೆ, ನನ್ನದು ಆಫ್ರಿಕಾದ ಮೇಲೆ. ಕಪ್ಪು ಜನರಿಗೆ ಯಾಜಕತ್ವ, ಅಂದರೆ ದೀಕ್ಷಾಸ್ನಾನದಂಥ ವಿಧಿ ನಡೆಸುವ ಅಧಿಕಾರ, ಸಿಗದಿದ್ದ ಕಾಲದಲ್ಲೇ ನೈಜೀರಿಯಾ, ಘಾನಾಗಳಲ್ಲಿ ಜನ ಈ ಮತದ ಪುಸ್ತಕಗಳನ್ನು ಓದಿ, ದೀಕ್ಷಾಸ್ನಾನ ಕೊಡುವವರೂ ಇಲ್ಲದೆ ತಾವೇ ಸಭೆ ಕಟ್ಟಿಕೊಂಡು ಸಾಲ್ಟ್ ಲೇಕ್‌ಗೆ ಕಾಗದ ಬರೆಯುತ್ತಿದ್ದರು. ಬಾಗಿಲು ತೆರೆದದ್ದು 1978ರಲ್ಲಿ. ಈಗ ಅಕ್ರಾ, ಅಬಾ, ಕಿನ್ಷಾಸಾಗಳಲ್ಲಿ ದೇವಾಲಯಗಳಿವೆ. ಬೆಂಗಳೂರಿನದೂ ಇದೇ ಸಾಲಿನದು. 2018ರಲ್ಲಿ ಘೋಷಣೆ, 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಪೂಜೆ (ಅವರು ಹಾಗೆ ಕರೆಯುವುದಿಲ್ಲ, ಇರಲಿ). ಭಾನುವಾರದ ಪ್ರಾರ್ಥನಾ ಮಂದಿರಕ್ಕೆ ಯಾರು ಬೇಕಾದರೂ ಹೋಗಬಹುದು. ದೇವಾಲಯ ಹಾಗಲ್ಲ, ಪ್ರತಿಷ್ಠೆಗೆ ಮುಂಚೆ ಕೆಲವು ದಿನ ಎಲ್ಲರಿಗೂ ತೋರಿಸಿ, ಆಮೇಲೆ ಅರ್ಹತೆಯ ಚೀಟಿ ಇರುವ ಸದಸ್ಯರಿಗೆ ಮಾತ್ರ. ಸಾವಿನಾಚೆಗೂ ಉಳಿಯುತ್ತದೆ ಅಂತ ಅವರು ನಂಬುವ ಮದುವೆ, ಸತ್ತ ಹಿರಿಯರ ಪರವಾಗಿ ದೀಕ್ಷಾಸ್ನಾನ ಎಲ್ಲ ಅಲ್ಲೇ.

ಆದರೆ ಅಧಿಕಾರದ ಕುರ್ಚಿ ಎಲ್ಲಿದೆ? ಅಧ್ಯಕ್ಷರ ಕೆಳಗೆ ಚರ್ಚ್ ನಡೆಸುವ ಹನ್ನೆರಡು ಅಪೊಸ್ತಲರದು ಜೀವನಪೂರ್ತಿ ಹುದ್ದೆ. ಅಧ್ಯಕ್ಷರು, ಅಂದರೆ ಪ್ರವಾದಿ, ತೀರಿಕೊಂಡರೆ ಅಪೊಸ್ತಲರಾಗಿ ಎಲ್ಲರಿಗಿಂತ ಹೆಚ್ಚು ಕಾಲ ಇದ್ದವರು ಆ ಜಾಗಕ್ಕೆ. 2025ರಲ್ಲಿ ರಸೆಲ್ ನೆಲ್ಸನ್ 101ನೇ ವಯಸ್ಸಿನಲ್ಲಿ ತೀರಿಕೊಂಡಾಗ 93ರ ಡ್ಯಾಲಿನ್ ಓಕ್ಸ್ ಬಂದರು. ಆಗ ಅಪೊಸ್ತಲರಲ್ಲಿ ಆಫ್ರಿಕಾದವರು ಒಬ್ಬರೂ ಇರಲಿಲ್ಲ. ನಾಳೆಯೇ ಅರವತ್ತರ ಒಬ್ಬ ಆಫ್ರಿಕನ್ನರನ್ನು ಸೇರಿಸಿಕೊಂಡರೂ ಸರದಿ ಬರಲು ಮೂವತ್ತು ವರ್ಷ ಬೇಕಾಗಬಹುದು.

ಹಾಗಂತ ಇವರು ಬದಲಾಗದವರೇನಲ್ಲ. ಇವರ ಪ್ರವಾದಿಯ ಜೊತೆ ದೇವರು ಈಗಲೂ ಮಾತನಾಡುತ್ತಾನೆ ಅನ್ನುವುದು ಇವರ ನಂಬಿಕೆ, ಹಾಗಾಗಿ ನಿನ್ನೆಯ ನಿಯಮ ಇವತ್ತು ಬಿದ್ದುಹೋಗಬಹುದು. ಬಹುಪತ್ನಿತ್ವಕ್ಕೆ 1890ರಲ್ಲಿ ಹಾಗೇ ಆಯಿತು, ಸರ್ಕಾರ ಆಸ್ತಿ ಮುಟ್ಟುಗೋಲು ಹಾಕಲು ಹೊರಟ ಮೇಲೆ. 2015ರಲ್ಲಿ ಸಲಿಂಗ ದಂಪತಿಯ ಮಕ್ಕಳಿಗೆ ದೀಕ್ಷಾಸ್ನಾನ ಬೇಡ ಅಂದವರು 2019ರಲ್ಲಿ ಅದನ್ನು ವಾಪಸ್ ತೆಗೆದುಕೊಂಡರು.

ಹಾಗಾದರೆ ಹೆಂಗಸರಿಗೆ ಯಾಜಕತ್ವ? ಸಲಿಂಗ ಮದುವೆ? ಜೋಸೆಫ್ ಸ್ಮಿತ್‌ರನ್ನೇ ಮೂಲಪುರುಷ ಅನ್ನುವ ಇನ್ನೊಂದು ಶಾಖೆ, ಕಮ್ಯುನಿಟಿ ಆಫ್ ಕ್ರೈಸ್ಟ್, 1984ರಲ್ಲೇ ಹೆಂಗಸರಿಗೆ ಆ ದಾರಿ ತೆರೆಯಿತು. ಸಾವಿರಾರು ಜನ ಬಿಟ್ಟು ಹೋದರು. 2024ರಲ್ಲಿ ಅದು ಕರ್ಟ್‌ಲ್ಯಾಂಡ್‌ನಲ್ಲಿರುವ 1836ರ ಮೊದಲ ದೇವಾಲಯವನ್ನೂ ಸಾಲ್ಟ್ ಲೇಕ್‌ನವರಿಗೇ ಮಾರಿತು. ಹೆಂಗಸರಿಗೆ ದಾರಿ ತೆರೆದದ್ದು ಸರಿಯಾದ ಹೆಜ್ಜೆ ಅಂತಲೇ ನನ್ನ ಅಭಿಪ್ರಾಯ, ಆದರೆ ಸಾಲ್ಟ್ ಲೇಕ್‌ನ ಹಿರಿಯರು ಇದನ್ನು ಬೇರೆ ರೀತಿ ಓದಿಕೊಂಡಿರುತ್ತಾರೆ ಅಲ್ವಾ? ನಿಮ್ಮ ಪತ್ರದ ಯೂಟಾ ಹುಡುಗ ಹುಡುಗಿಯರು ಕೇಳುವ ಬದಲಾವಣೆಗಳಲ್ಲಿ ಸಲಿಂಗ ಮದುವೆಯನ್ನಂತೂ ನೈಜೀರಿಯಾದ ಲಾಗೋಸ್‌ನ ಸಭೆ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಮುಂದಿನ ಇಪ್ಪತ್ತು ಮೂವತ್ತು ವರ್ಷದ ಜಗ್ಗಾಟ ಇಲ್ಲೇ ನಡೆಯುತ್ತೆ. ಪಂತ ಕಟ್ಟು ಅಂದರೆ ನಾನು ಲಾಗೋಸ್ ಕಡೆ ಕಟ್ಟುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ.

— ಸಂಪಾದಕ