ವೇಗ ಹೆಚ್ಚಿದರೆ ತಂತ್ರಾಂಶದ ವ್ಯಾಪಾರ ಹೇಗೆ ಬದಲಾಗುತ್ತದೆ?

ಪ್ರಶ್ನೆ: ನಾವು ಮೂವರು ಸೇರಿ ಲೆಕ್ಕಪತ್ರದ ತಂತ್ರಾಂಶವೊಂದನ್ನು ರೂಪಿಸಿದ್ದೇವೆ. ಇಂಟರ್ನೆಟ್ ವೇಗ ಹೆಚ್ಚಿದಂತೆ ಎಲ್ಲವೂ ಬ್ರೌಸರ್‌ಗೆ ಹೋಗುತ್ತದೆ, ಕಂಪ್ಯೂಟರ್‌ನಲ್ಲಿ ಅಳವಡಿಸುವ ತಂತ್ರಾಂಶವನ್ನು ಯಾರೂ ಕೊಳ್ಳುವುದಿಲ್ಲ ಎಂದು ಹಲವರು ಹೇಳುತ್ತಾರೆ. ನಿಜವೇ?

ಉತ್ತರ: ಅರ್ಧ ಮಾತ್ರ ನಿಜ. ಉಳಿದರ್ಧದಲ್ಲೇ ನಿಮ್ಮಂಥ ಸಣ್ಣ ತಂಡಗಳಿಗೆ ಅವಕಾಶವಿದೆ.

ಒಂದು ಲೆಕ್ಕದಿಂದ ಶುರು ಮಾಡೋಣ. 700 ಮೆಗಾಬೈಟ್‌ನ ಒಂದು ಸಿ.ಡಿ.ಯಲ್ಲಿರುವಷ್ಟನ್ನು 56 ಕಿಲೋಬಿಟ್ ಮೋಡೆಮ್‌ನಲ್ಲಿ ಇಳಿಸಿಕೊಳ್ಳಲು, ಸಂಪರ್ಕ ಒಮ್ಮೆಯೂ ಕಡಿಯದಿದ್ದರೂ, ಸುಮಾರು 28 ಗಂಟೆ ಬೇಕಿತ್ತು. 100 ಮೆಗಾಬಿಟ್ ಸಂಪರ್ಕದಲ್ಲಿ ಅದು ಒಂದು ನಿಮಿಷದ ಕೆಲಸ. ಮೊದಲಿನ ಸ್ಥಿತಿಯಲ್ಲಿ ಸಿ.ಡಿ. ಅಚ್ಚು ಹಾಕಿಸಬಲ್ಲವರು, ಅಂಗಡಿಯ ಕಪಾಟಿನಲ್ಲಿ ಜಾಗ ಹಿಡಿಯಬಲ್ಲವರು ಮಾತ್ರ ಮಾರುಕಟ್ಟೆಯಲ್ಲಿದ್ದರು. 2003ರಲ್ಲಿ ಕಂಪ್ಯೂಟರ್ ಆಟಗಳನ್ನು ಜಾಲದ ಮೂಲಕ ತಲುಪಿಸುವ ಸ್ಟೀಮ್, 2008ರಲ್ಲಿ ಆ್ಯಪಲ್‌ನ ಆ್ಯಪ್ ಸ್ಟೋರ್ ಬಂದ ಮೇಲೆ ಕಪಾಟಿನ ಹಂಗು ತಪ್ಪಿತು. ಆದರೆ ಬಾಗಿಲು ಕಾಯುವವನು ಹೋಗಲಿಲ್ಲ, ಬದಲಾದ ಅಷ್ಟೇ. ಮಾರಾಟದ ಶೇ 30ರಷ್ಟು ಕಮಿಷನ್ ಇಂಥ ಮಳಿಗೆಗಳಲ್ಲಿ ಬಹುಕಾಲ ರೂಢಿಯಾಗಿತ್ತು. ನಿಮ್ಮ ಸ್ವಂತ ಜಾಲತಾಣದಿಂದಲೂ ನೇರವಾಗಿ ಮಾರುವ ದಾರಿಯನ್ನು ದಯವಿಟ್ಟು ಮುಚ್ಚಿಕೊಳ್ಳಬೇಡಿ.

ಇದಕ್ಕಿಂತ ದೊಡ್ಡ ಬದಲಾವಣೆ ನಡೆದದ್ದು ಹಣ ಪಡೆಯುವ ರೀತಿಯಲ್ಲಿ. ತಂತ್ರಾಂಶದ ಒಂದು ಪ್ರತಿಯನ್ನು ಒಮ್ಮೆ ಮಾರಿ ಮುಗಿಸುವ ಬದಲು ಚಂದಾ ಪಡೆಯುವ ಪದ್ಧತಿ ಬೆಳೆಯಿತು. 2013ರಲ್ಲಿ ಅಡೋಬಿ ಕಂಪನಿಯು ಚಿತ್ರ, ವಿನ್ಯಾಸದ ತಂತ್ರಾಂಶಗಳ ಕಟ್ಟಾದ ಕ್ರಿಯೇಟಿವ್ ಸೂಟ್‌ನ ಹೊಸ ಆವೃತ್ತಿಗಳನ್ನು ನಿಲ್ಲಿಸಿ ಚಂದಾ ಆಧಾರಿತ ಕ್ರಿಯೇಟಿವ್ ಕ್ಲೌಡ್‌ನತ್ತ ತಿರುಗಿತು. ಗಮನಿಸಿ, ಆ ತಂತ್ರಾಂಶಗಳು ಬ್ರೌಸರ್‌ಗೆ ಹಾರಿ ಹೋಗಲಿಲ್ಲ; ಬಳಕೆದಾರರ ಕಂಪ್ಯೂಟರ್‌ನಲ್ಲೇ ಉಳಿದವು. ಜಾಲದ ಮೂಲಕ ಬಂದದ್ದು ಪರವಾನಗಿ ಮತ್ತು ಅಪ್‌ಡೇಟ್. ಚಂದಾ ಮತ್ತು ಬ್ರೌಸರ್ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ನಿಮ್ಮನ್ನು ಹೆದರಿಸುವ ಮಾತು ಹುಟ್ಟಿದೆ.

ವೇಗ ಎಂಬ ಪದವೂ ದಾರಿ ತಪ್ಪಿಸುತ್ತದೆ. ಸೆಕೆಂಡಿಗೆ ಎಷ್ಟು ದತ್ತಾಂಶ ಹರಿಯುತ್ತದೆ ಎಂಬುದು ಒಂದು, ಕೀಲಿ ಒತ್ತಿದ ಮೇಲೆ ಉತ್ತರ ಬರಲು ಎಷ್ಟು ಹೊತ್ತು ಎಂಬುದು ಬೇರೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಸರ್ವರ್ 5,000 ಕಿಲೋಮೀಟರ್ ದೂರದಲ್ಲಿದ್ದರೆ ಹೋಗಿಬರಲು ಕನಿಷ್ಠ 50 ಮಿಲಿಸೆಕೆಂಡ್ ಬೇಕೇ ಬೇಕು. ಗಿಗಾಬಿಟ್ ಸಂಪರ್ಕವೂ ಅದನ್ನು ಕಡಿಮೆ ಮಾಡಲಾರದು. ಒಂದು ಪುಟ ತೆರೆಯಲು ಹತ್ತು ಸಲ ಹೋಗಿಬರಬೇಕಾದರೆ ಅರ್ಧ ಸೆಕೆಂಡ್ ಕಳೆಯಿತು. ದಿನವಿಡೀ ನಮೂದು ಮಾಡುವ ಲೆಕ್ಕಿಗರಿಗೆ ಇದು ನಿಜವಾದ ಹಿಂಸೆ.

ಆದ್ದರಿಂದ ನನ್ನ ಸಲಹೆ ಇದು: ದತ್ತಾಂಶದ ಒಂದು ಪೂರ್ಣ ಪ್ರತಿ ಬಳಕೆದಾರರ ಯಂತ್ರದಲ್ಲೇ ಇರಲಿ, ಸಂಪರ್ಕ ಸಿಕ್ಕಾಗ ಸರ್ವರ್‌ನೊಂದಿಗೆ ಹೊಂದಿಕೊಳ್ಳಲಿ, ಅಂದರೆ ಎರಡೂ ಕಡೆಯ ದತ್ತಾಂಶ ಒಂದೇ ಆಗಲಿ. ಬಹಳ ತಂಡಗಳು ಈ ಹೊಂದಾಣಿಕೆಯ ಕೆಲಸವನ್ನು ಕೊನೆಗೆ ಇಟ್ಟುಕೊಂಡು ಪರದಾಡುತ್ತವೆ. ಇಬ್ಬರು ಒಂದೇ ನಮೂದನ್ನು ತಿದ್ದಿದರೆ ಯಾವುದು ಉಳಿಯಬೇಕೆಂದು ಇಂದೇ ತೀರ್ಮಾನಿಸಿ. ಅಪ್‌ಡೇಟ್ ಕಳುಹಿಸುವಾಗ ಬದಲಾದ ಭಾಗವನ್ನಷ್ಟೇ ಕಳುಹಿಸಿ. ಸಂಪರ್ಕ ಚೆನ್ನಾಗಿದೆ ಎಂದು ತಂತ್ರಾಂಶವನ್ನು ಊದಿಸುತ್ತಾ ಹೋದರೆ ನಿಧಾನ ಸಂಪರ್ಕದವರು ಮೊದಲ ದಿನವೇ ಹೊರಗುಳಿಯುತ್ತಾರೆ. ಬಿಡುಗಡೆಗೆ ಮೊದಲು ನಿಮ್ಮ ಸಂಪರ್ಕವನ್ನು ಬೇಕೆಂದೇ ನಿಧಾನಗೊಳಿಸಿ, ಮಧ್ಯೆ ಕಡಿದುಹಾಕಿ, ಒಂದು ತಿಂಗಳ ಲೆಕ್ಕವನ್ನು ಪೂರ್ತಿ ನಮೂದಿಸಿ ನೋಡಿ.