ಟ್ಯಾಂಕಿನ ಮರಕ್ಕೂ ಆಟಿಯ ಬೂಷ್ಟಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡಡಿಯ ಮೀನಿನ ಟ್ಯಾಂಕ್ ಇದೆ. ಹತ್ತು ಗಪ್ಪಿ, ಎರಡು ಮಾಲಿ. ಹೋದ ವಾರ ಅಂಗಡಿಯಿಂದ ಡ್ರಿಫ್ಟ್‌ವುಡ್ (ಟ್ಯಾಂಕಿನ ಅಲಂಕಾರದ ಮರದ ತುಂಡು) ತಂದು, ಬರೀ ತೊಳೆದು ಒಳಗೆ ಇಟ್ಟೆ. ಮೂರನೇ ದಿನಕ್ಕೆ ಅದರ ಮೇಲೆ ಹತ್ತಿಯಂಥ ಬಿಳಿ ಲೋಳೆ. ನೀರೂ ಹಾಲು ಹಾಕದ ಚಹಾದ ಹಾಗಾಗಿದೆ. "ಆಟಿ ತಿಂಗಳ ಮಳೆಯಲ್ಲಿ ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಮರ ಕೇಳ್ಬೇಕಾ, ಎತ್ತಿ ಬಿಸಾಡು" ಅಂತಾರೆ ಅಮ್ಮ. ಅಂಗಡಿಯವರು ಫಂಗಸ್ ಔಷಧಿ ಹಾಕಿ ಅಂದರು. ಏನು ಮಾಡಲಿ? ತಣ್ಣೀರುಬಾವಿ ಬೀಚಿನಲ್ಲಿ ಬಿದ್ದಿರುವ ಮರವನ್ನು ಟ್ಯಾಂಕಿಗೆ ಹಾಕಬಹುದಾ?
– ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಬಿಸಾಡಬೇಡಿ, ಔಷಧಿಯನ್ನೂ ಹಾಕಬೇಡಿ. ಅಮ್ಮ ಹೇಳಿದ್ದು ಅರ್ಧ ಸರಿ. ಬೂಷ್ಟು ಹೌದು, ಆದರೆ ಮಳೆಗೂ ಅದಕ್ಕೂ ಸಂಬಂಧ ಇಲ್ಲ. ಏಪ್ರಿಲ್ ಸೆಕೆಯಲ್ಲಿ ಇಟ್ಟಿದ್ದರೂ ಬರುತ್ತಿತ್ತು. ಹೊಸ ಮರದೊಳಗೆ ಸಕ್ಕರೆಯಂಥ ಅಂಶ ಉಳಿದಿರುತ್ತದೆ. ನೀರಿನಲ್ಲಿ ಅದು ಮೆಲ್ಲಗೆ ಹೊರಗೆ ಜಿನುಗುತ್ತದೆ. ಫಂಗಸ್, ಬ್ಯಾಕ್ಟೀರಿಯಾ ಎರಡೂ ಅದಕ್ಕೆ ಪಂಕ್ತಿ ಹಾಕಿ ಕೂರುತ್ತವೆ. ಊಟ ಮುಗಿದರೆ ಎದ್ದು ಹೋಗುತ್ತವೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವು ಮರಕ್ಕೆ ಇನ್ನೂ ಜಾಸ್ತಿ. ಮೀನಿನ ಮೈಗೆ ಬರುವ ಹತ್ತಿ ರೋಗವೇ ಬೇರೆ, ಇದೇ ಬೇರೆ.

ಔಷಧಿಯ ವಿಷಯದಲ್ಲಿ ನನಗೆ ಒಮ್ಮೆ ಸರಿಯಾಗಿ ಪೆಟ್ಟು ಬಿದ್ದಿದೆ. ಇದೇ ಬಿಳಿ ಲೋಳೆ ಕಂಡು ಹೆದರಿ ಮಿಥಿಲೀನ್ ಬ್ಲೂ ಎಂಬ ನೀಲಿ ಔಷಧಿ ಸುರಿದಿದ್ದೆ. ಫಿಲ್ಟರಿನಲ್ಲಿದ್ದ ಒಳ್ಳೆ ಬ್ಯಾಕ್ಟೀರಿಯಾ ಸತ್ತು ನೀರಿನಲ್ಲಿ ವಿಷಕಾರಿ ಅಮೋನಿಯಾ ಏರಿತು, ವಾರದೊಳಗೆ ಆರು ಟೆಟ್ರಾ ಮೀನು ಸತ್ತವು. ಲೋಳೆ ಮಾತ್ರ ಹಾಗೇ ಇತ್ತು! ಟ್ಯಾಂಕಿನ ಮೂಲೆಯ ಸಿಲಿಕೋನ್ ಅಂಟು ಇವತ್ತಿಗೂ ನೀಲಿ.

ಮರವನ್ನು ಹೊರಗೆ ತೆಗೆದು ಹಳೇ ಟೂತ್‌ಬ್ರಶ್‌ನಿಂದ ನೀರಲ್ಲೇ ಉಜ್ಜಿ. ಸೋಪು ಮುಟ್ಟಿಸಲೇಬೇಡಿ. ಆಮೇಲೆ ಒಂದೆರಡು ಗಂಟೆ ಕುದಿಸಿ, ಕಷಾಯದಂಥ ಆ ನೀರು ಚೆಲ್ಲಿ, ಇನ್ನೊಮ್ಮೆ ಕುದಿಸಿ. ಬಚ್ಚಲಿನ ತಾಮ್ರದ ಹಂಡೆ ಖಾಲಿ ಇದೆ ಅಂತ ಅದಕ್ಕೆ ಹಾಕಬೇಡಿ. ಮರಕ್ಕೆ ತಾಮ್ರದ ಅಂಶ ಸೇರಿದರೆ ಸಿಗಡಿ, ಬಸವನಹುಳುಗಳಿಗೆ ವಿಷ. ಸ್ಟೀಲಿನ ದೊಡ್ಡ ಪಾತ್ರೆ ಸಾಕು. ಪಾತ್ರೆಯಲ್ಲಿ ಹಿಡಿಸದಿದ್ದರೆ ಕುದಿಯುವ ನೀರು ಹೊಯ್ದು, ಎರಡು ವಾರ ಬಕೆಟ್‌ನಲ್ಲಿ ನೆನೆಸಿ, ದಿನಾ ನೀರು ಬದಲಿಸಿ. ಇಷ್ಟಾದ ಮೇಲೂ ಸ್ವಲ್ಪ ಬೂಷ್ಟು ಬರಬಹುದು. ನೀರು ಬದಲಿಸುವಾಗ ಪೈಪಿನಿಂದ ಹೀರಿ ತೆಗೆದರಾಯಿತು. ನಿಮ್ಮ ಮಾಲಿಗಳು ಆಗಲೇ ಅದನ್ನು ಕುಟುಕುತ್ತಿರಬಹುದು, ನೋಡಿ. ನಾಲ್ಕೈದು ಚೆರ್ರಿ ಶ್ರಿಂಪ್ ಬಿಟ್ಟರೆ ಇನ್ನೂ ಬೇಗ ಖಾಲಿ. (ಸುಕ್ಕ ಮಾಡುವ ಸಿಗಡಿ ಅಲ್ಲ ಮತ್ತೆ, ಉಗುರಿನಷ್ಟು ಉದ್ದದ್ದು.)

ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮಾತ್ರ ಏರ್ ಪಂಪ್ ಜೋರು ಮಾಡಿ. ಲೋಳೆ ದಪ್ಪವಾದರೆ ಅದೂ ಆಮ್ಲಜನಕ ತಿನ್ನುತ್ತದೆ. ಮರ ಕೊಳೆತ ಮೊಟ್ಟೆಯ ಹಾಗೆ ನಾರಿದರೆ, ಒತ್ತಿದಲ್ಲಿ ಬೆರಳು ಇಳಿದರೆ ಬಿಸಾಡಿ. ಆಗ ಅಮ್ಮ ಹೇಳಿದ್ದೇ ಸರಿ.

ಚಹಾ ಬಣ್ಣ ಮರದ ಒಗರು ಅಂಶವಾದ ಟ್ಯಾನಿನ್‌ನದ್ದು, ತೊಂದರೆ ಇಲ್ಲ. ನೋಡಲು ಬೇಜಾರಾದರೆ ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ (ಬಣ್ಣ ಹೀರುವ ಇದ್ದಿಲು) ಹಾಕಿ.

ಬೀಚಿನ ಮರ ಬೇಡ. ಉಪ್ಪು ಕುಡಿದಿರುತ್ತದೆ. ದೋಣಿಯ ತುಂಡಾದರೆ ಬಣ್ಣ, ಎಣ್ಣೆ, ಮೊಳೆ ಎಲ್ಲ ಇರುತ್ತದೆ. ನಾನೂ ಆಸೆಗೆ ಬಿದ್ದು ಮಲ್ಪೆಯಿಂದ ಒಂದು ಬೇರು ಹೊತ್ತು ತಂದಿದ್ದೆ. ಒಂದು ತಿಂಗಳು ಡ್ರಮ್ಮಿನಲ್ಲಿ ನೆನೆಸಿ, ನಾಲಿಗೆ ತುದಿಗೆ ಮುಟ್ಟಿಸಿ ನೋಡಿದೆ. ಇನ್ನೂ ಉಪ್ಪು. ಈಗ ಅದು ನಮ್ಮ ಬಾವಿಕಟ್ಟೆಯ ಪಕ್ಕ ಆರ್ಕಿಡ್ ಹೊತ್ತು ನಿಂತಿದೆ.