ಮೂರು ಪಾಳಿಯ ಸೇವೆ, ಐದು ದಿನದ ಸಂಗೀತ

ಪ್ರಶ್ನೆ: ನಮ್ಮ ಮಗಳು ಇಂಗ್ಲೆಂಡಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾಳೆ. ಅಲ್ಲಿ ಜೂನ್ ಕೊನೆಯಲ್ಲಿ ಬಯಲಿನಲ್ಲಿ ನಡೆಯುವ ದೊಡ್ಡ ಸಂಗೀತೋತ್ಸವವೊಂದಕ್ಕೆ ಟಿಕೆಟ್ ಕೊಳ್ಳದೆ, ಸೇವಾಸಂಸ್ಥೆಯೊಂದರ ಮೂಲಕ ಮೂರು ಪಾಳಿ ಸ್ವಯಂಸೇವಕಿಯಾಗಿ ದುಡಿದು ಒಳಗೆ ಹೋಗುತ್ತೇನೆ ಎನ್ನುತ್ತಾಳೆ. ಆದರೆ ಕೆಲಸ ಮಾಡುವವಳೇ ಟಿಕೆಟ್ಟಿನ ಬೆಲೆಯಷ್ಟು ಹಣವನ್ನು ಮೊದಲು ಠೇವಣಿ ಇಡಬೇಕಂತೆ. ಇದರಲ್ಲಿ ಮೋಸವಿರಬಹುದೇ? ರಾತ್ರಿ ಪಾಳಿಯೂ ಇರುತ್ತದಂತೆ. ವಿದ್ಯಾರ್ಥಿ ವೀಸಾಗೆ ಇದರಿಂದ ತೊಡಕಾಗುವುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಠೇವಣಿ ಕೇಳಿದ ಮಾತ್ರಕ್ಕೆ ಅನುಮಾನ ಪಡಬೇಕಾಗಿಲ್ಲ. ಇಂಗ್ಲೆಂಡಿನ ಬಯಲು ಸಂಗೀತೋತ್ಸವಗಳಲ್ಲಿ ಅದು ಬಹುಕಾಲದಿಂದ ನಡೆದುಬಂದಿರುವ ರೂಢಿ. ಸಾಮರ್‌ಸೆಟ್ ಪ್ರಾಂತ್ಯದ ಪಿಲ್ಟನ್ ಹಳ್ಳಿಯ ಬಳಿ, ಹಸು ಸಾಕುವ ಜಮೀನೊಂದರಲ್ಲಿ 1970ರಲ್ಲಿ ಆರಂಭವಾದ ಗ್ಲಾಸ್ಟನ್‌ಬರಿ ಉತ್ಸವವನ್ನೇ ತೆಗೆದುಕೊಳ್ಳಿ. ಮೊದಲ ವರ್ಷ ಒಂದು ಪೌಂಡ್ ಕೊಟ್ಟವರಿಗೆ ಸಂಗೀತದ ಜೊತೆ ಜಮೀನಿನ ಹಾಲೂ ಸಿಗುತ್ತಿತ್ತು. 2025ರಲ್ಲಿ ಅದೇ ಉತ್ಸವದ ಟಿಕೆಟ್ಟಿಗೆ 373.50 ಪೌಂಡ್, ಅದರ ಮೇಲೆ 5 ಪೌಂಡ್ ಬುಕಿಂಗ್ ಶುಲ್ಕ. ಅಷ್ಟು ಬೆಲೆಯ ಪ್ರವೇಶವನ್ನು ಪಡೆದುಕೊಂಡು ಪಾಳಿಯ ಹೊತ್ತಿಗೆ ಜನಸಾಗರದಲ್ಲಿ ಕಣ್ಮರೆಯಾಗುವವರನ್ನು ತಡೆಯಲೆಂದೇ ಠೇವಣಿಯ ಕಟ್ಟುಪಾಡು ಬಂದಿದೆ. ಮೂರೂ ಪಾಳಿಗಳನ್ನು ಮುಗಿಸಿದವರಿಗೆ ಉತ್ಸವದ ನಂತರ ಹಣ ಹಿಂದಿರುಗುತ್ತದೆ. ತಪ್ಪಿಸಿಕೊಂಡವರು ಟಿಕೆಟ್ ಕೊಂಡವರ ಲೆಕ್ಕಕ್ಕೆ ಸೇರುತ್ತಾರೆ.

ಅಲ್ಲಿ 1993ರಿಂದ ಸ್ವಯಂಸೇವಕರನ್ನು ಕಳಿಸುತ್ತಿರುವ ಆಕ್ಸ್‌ಫಾಮ್ ಸಂಸ್ಥೆಯ ಕ್ರಮವೂ ಇದೇ. ಸ್ವಯಂಸೇವಕರು ಮಾಡುವ ಕೆಲಸಕ್ಕೆ ಉತ್ಸವದವರು ಸಂಸ್ಥೆಗೆ ಹಣ ಕೊಡುತ್ತಾರೆ, ಆ ಹಣ ಸಂಸ್ಥೆಯ ಪರಿಹಾರ ಕಾರ್ಯಗಳಿಗೆ ಹೋಗುತ್ತದೆ. ನಿಮ್ಮ ಮಗಳು ಕೊಡುವ ದುಡಿಮೆ ಹೀಗೆ ದೇಣಿಗೆಯಾಗುತ್ತದೆ ಎಂಬುದೇ ಈ ವ್ಯವಸ್ಥೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಮೋಸದ ಭಯವಿದ್ದರೆ, ಸಂಸ್ಥೆಯ ಹೆಸರು ಇಂಗ್ಲೆಂಡಿನ ದತ್ತಿಸಂಸ್ಥೆಗಳ ಅಧಿಕೃತ ನೋಂದಣಿ ಪಟ್ಟಿಯಲ್ಲಿದೆಯೇ ಎಂದು ನೋಡಬಹುದು. ಆ ಪಟ್ಟಿ ಎಲ್ಲರಿಗೂ ತೆರೆದಿರುತ್ತದೆ. ಸಂಸ್ಥೆಯದೇ ಜಾಲತಾಣದ ಮೂಲಕವಲ್ಲದೆ, ಯಾವುದೋ ವ್ಯಕ್ತಿಯ ಖಾತೆಗೆ ಠೇವಣಿ ಕಳಿಸಿ ಎಂದು ಯಾರಾದರೂ ಹೇಳಿದರೆ ಆ ಸಹವಾಸವನ್ನೇ ಬಿಡಬೇಕು.

ಒಂದೊಂದು ಪಾಳಿ ಸುಮಾರು 8 ಗಂಟೆಯದು, ಅವುಗಳಲ್ಲಿ ಒಂದು ಸಾಮಾನ್ಯವಾಗಿ ರಾತ್ರಿಯದು. ಗೇಟಿನಲ್ಲಿ ನಿಂತು ಟಿಕೆಟ್ಟನ್ನೋ ಮಣಿಕಟ್ಟಿನ ಪಟ್ಟಿಯನ್ನೋ ನೋಡುವುದು, ದಾರಿ ತೋರಿಸುವುದು, ಡೇರೆಗಳ ನಡುವೆ ಬೆಂಕಿ ಅಥವಾ ನೂಕುನುಗ್ಗಲು ಕಂಡರೆ ಮೇಲಿನವರಿಗೆ ತಿಳಿಸುವುದು, ಇಂಥ ಕೆಲಸಗಳು. ಜಗಳ ಬಿಡಿಸುವುದು, ತಪಾಸಣೆ ಮಾಡುವುದು ಪರವಾನಗಿ ಪಡೆದ ಕಾವಲು ಸಿಬ್ಬಂದಿಯ ಹೊಣೆಯಾಗಿರುತ್ತದೆ. ಆಕ್ಸ್‌ಫಾಮ್‌ನ ಸ್ವಯಂಸೇವಕರಿಗೆ ಡೇರೆ ಹಾಕಿಕೊಳ್ಳಲು ಪ್ರತ್ಯೇಕ ಜಾಗ, ಬಿಸಿನೀರಿನ ಸ್ನಾನ, ಫೋನ್ ಚಾರ್ಜ್ ಮಾಡುವ ಅನುಕೂಲ ಇರುತ್ತವೆ. ಮೊದಲೇ ತರಬೇತಿಯನ್ನೂ ಕೊಡುತ್ತಾರೆ. ಆದ್ದರಿಂದ ರಾತ್ರಿ ಪಾಳಿಗೆ ಹೆದರುವ ಕಾರಣವಿಲ್ಲ. ಆದರೆ ಅಲ್ಲಿನ ಬೇಸಿಗೆಯಲ್ಲಿ ಮಳೆ ಹೊಯ್ದರೆ ಇಡೀ ಜಮೀನು ನಾಟಿಗೆ ಹದಮಾಡಿದ ಗದ್ದೆಯಂತಾಗುತ್ತದೆ. ಮೊಣಕಾಲವರೆಗೆ ಬರುವ ರಬ್ಬರ್ ಬೂಟು ಮತ್ತು ಒಳ್ಳೆಯ ಮಳೆಯಂಗಿ ಬೇಕೇ ಬೇಕು. ತಾನು ಕೇಳಲೇಬೇಕೆಂದಿದ್ದ ಗಾಯಕರು ವೇದಿಕೆಗೆ ಬರುವ ಹೊತ್ತಿಗೆ ತನ್ನ ಪಾಳಿ ಇದ್ದರೆ ಗೇಟಿನಲ್ಲೇ ನಿಂತಿರಬೇಕಾಗುತ್ತದೆ ಎಂಬುದನ್ನೂ ಮಗಳು ಈಗಲೇ ಒಪ್ಪಿಕೊಂಡಿರಲಿ.

ನಿಜವಾಗಿ ಯೋಚಿಸಬೇಕಾದದ್ದು ವೀಸಾದ ವಿಷಯ. ಪದವಿ ಮಟ್ಟದ ವಿದ್ಯಾರ್ಥಿಗಳು ಅಲ್ಲಿ ತರಗತಿಯ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ಮತ್ತು ಆ ವಾರವನ್ನು ಸೋಮವಾರದಿಂದ ಭಾನುವಾರದವರೆಗೆ ಎಣಿಸುತ್ತಾರೆ. ಸಂಬಳವಿಲ್ಲದಿದ್ದರೂ, ಇಂತಿಷ್ಟು ಕೆಲಸ ಮಾಡಿಯೇ ತೀರಬೇಕೆಂಬ ಕರಾರು ಇದ್ದು, ಅದಕ್ಕೆ ಪ್ರತಿಯಾಗಿ ಬೆಲೆಬಾಳುವ ಏನನ್ನಾದರೂ ಪಡೆದರೆ, ಆ ಗಂಟೆಗಳೂ 20ರ ಮಿತಿಯೊಳಗೆ ಸೇರಬಹುದು. ಕರಾರಿಲ್ಲದೆ ದತ್ತಿಸಂಸ್ಥೆಗೆ ಸ್ವಇಚ್ಛೆಯಿಂದ ನೆರವಾಗುವುದು ಮಾತ್ರ ಈ ಮಿತಿಗೆ ಹೊರಗು. ಠೇವಣಿ ಇಟ್ಟು, ಪಾಳಿ ಮುಗಿಸಿ, ನೂರಾರು ಪೌಂಡ್ ಬೆಲೆಯ ಪ್ರವೇಶ ಪಡೆಯುವುದನ್ನು ಇವೆರಡರಲ್ಲಿ ಯಾವುದಕ್ಕೆ ಸೇರಿಸುತ್ತಾರೆಂದು ಊಹಿಸಿಕೊಂಡು ಹೊರಡಬಾರದು. ಮೂರು ಪಾಳಿ ಎಂದರೆ 24 ಗಂಟೆ, ಅದೂ ಒಂದೇ ವಾರದಲ್ಲಿ.

ಜೂನ್ ಎಂದರೆ ಬೇಸಿಗೆ ರಜೆಯಲ್ಲವೇ ಎಂದು ಮಗಳು ಕೇಳಬಹುದು. ಮೂರು ವರ್ಷದ ಪದವಿ ಓದುತ್ತಿರುವ ಗೆಳತಿಯರಿಗೆ ಅದು ರಜೆಯೇ ಇರಬಹುದು, ಅವರು ಮಿತಿಯಿಲ್ಲದೆ ದುಡಿಯಲೂಬಹುದು. ಬ್ರಿಟಿಷ್ ಸಹಪಾಠಿಗಳಿಗಂತೂ ಈ ನಿಯಮವೇ ಅನ್ವಯಿಸುವುದಿಲ್ಲ. ಒಂದು ವರ್ಷದ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾದರೋ ಪ್ರಬಂಧ ಬರೆಯುವ ಬೇಸಿಗೆಯ ತಿಂಗಳುಗಳನ್ನೂ ಸಾಮಾನ್ಯವಾಗಿ ತರಗತಿಯ ಅವಧಿಯೆಂದೇ ವಿಶ್ವವಿದ್ಯಾಲಯಗಳು ಪರಿಗಣಿಸುತ್ತವೆ. ನಮ್ಮ ಕಡೆಯಿಂದ ಹೋದ ಮಕ್ಕಳು ಎಡವುವುದು ಇಲ್ಲಿಯೇ. ಆದ್ದರಿಂದ ಅರ್ಜಿ ಹಾಕುವ ಮೊದಲೇ, ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ವೀಸಾ ಸಲಹೆ ಕೊಡುವ ಕಚೇರಿಗೆ ಸಂಸ್ಥೆಯ ಕರಾರಿನ ಪ್ರತಿಯನ್ನು ಕಳಿಸಿ, ಬರಹದಲ್ಲಿ ಉತ್ತರ ಪಡೆಯಲು ಹೇಳಿ. ವಾರದ ಕೊನೆಗೆ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿಯುವ ಅಭ್ಯಾಸವಿದ್ದರೆ ಆ ಗಂಟೆಗಳನ್ನೂ ಅದರಲ್ಲಿ ನಮೂದಿಸಬೇಕು. ಒಪ್ಪಿಗೆ ಸಿಗದಿದ್ದರೆ, ಒಂದೆರಡು ದಿನದ ಚಿಕ್ಕ ಉತ್ಸವಗಳಿಗೆ ಕಡಿಮೆ ಗಂಟೆಗಳ ಸೇವೆ ಕೇಳುವ ಸಂಸ್ಥೆಗಳನ್ನು ಹುಡುಕಲಿ. ಹುಲ್ಲು ಮತ್ತೆ ಬೆಳೆಯಲೆಂದು ಗ್ಲಾಸ್ಟನ್‌ಬರಿಯ ಜಮೀನನ್ನು ಆಗಾಗ ಒಂದು ವರ್ಷ ಖಾಲಿ ಬಿಡುತ್ತಾರೆ, 2026 ಅಂಥ ವರ್ಷ. ಮಗಳ ಮನಸ್ಸಿನಲ್ಲಿರುವುದು ಅದೇ ಉತ್ಸವವಾದರೆ ಇದನ್ನೂ ತಿಳಿಸಿಬಿಡಿ.

ಪ್ರಶ್ನೆ: ಟಿಕೆಟ್ಟಿನ ಆಸೆಗೆ ಮಾಡುವ ಕೆಲಸವನ್ನು ಸಮಾಜಸೇವೆ ಎನ್ನಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನನ್ನ ಮಟ್ಟಿಗೆ ಎನ್ನಬಹುದು, ಆದರೆ ಆ ಕೆಲಸದಿಂದ ಪ್ರಯೋಜನ ಪಡೆಯುವವರು ಯಾರು ಎಂಬುದನ್ನು ನೋಡಿ ಹೇಳಬೇಕು. ಅಮೆರಿಕದಲ್ಲಿ ಆರಂಭವಾಗಿ 2008ರಲ್ಲಿ ಬ್ರಿಟನ್ನಿಗೆ ಬಂದ ರಾಕ್‌ಕಾರ್ಪ್ಸ್ ಯೋಜನೆಯಲ್ಲಿ, 4 ಗಂಟೆ ಉದ್ಯಾನ ಶುಚಿ ಮಾಡಿದವರಿಗೆ ಅಥವಾ ಸಮುದಾಯ ಭವನಕ್ಕೆ ಬಣ್ಣ ಬಳಿದವರಿಗೆ ಸಂಗೀತ ಕಾರ್ಯಕ್ರಮದ ಒಂದು ಟಿಕೆಟ್ ಸಿಗುತ್ತಿತ್ತು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಂಥ ಸಭಾಂಗಣಕ್ಕೆ ತರುಣರು ಹಾಗೆ ಕಾಲಿಟ್ಟರು. ಅವರನ್ನು ಎಳೆದು ತಂದದ್ದು ಹಾಡೇ ಇರಬಹುದು, ಆದರೆ ಉದ್ಯಾನ ಶುಚಿಯಾದದ್ದು ಸುಳ್ಳಲ್ಲ, ಮತ್ತು ಮೊದಲ ಬಾರಿಗೆ ಪೊರಕೆ ಹಿಡಿದವರಲ್ಲಿ ಕೆಲವರಾದರೂ ಟಿಕೆಟ್ ಇಲ್ಲದೆಯೂ ಮತ್ತೆ ಬರುತ್ತಾರೆಂಬ ಭರವಸೆ ನನಗಿದೆ. 2016ರ ನವೆಂಬರ್ 19ರಂದು ಮುಂಬೈಯ ಬಾಂದ್ರಾ–ಕುರ್ಲಾ ಸಂಕೀರ್ಣದ ಮೈದಾನದಲ್ಲಿ ಕೋಲ್ಡ್‌ಪ್ಲೇ ತಂಡ ಹಾಡಿದ ಗ್ಲೋಬಲ್ ಸಿಟಿಜನ್ ಉತ್ಸವಕ್ಕೂ ಸಾಮಾಜಿಕ ಉದ್ದೇಶದ ಚಟುವಟಿಕೆಗಳ ಮೂಲಕ ಪ್ರವೇಶ ಗಳಿಸುವ ಅವಕಾಶವಿತ್ತು. ಅಂಥ ಚಟುವಟಿಕೆಗಳಲ್ಲಿ ಬಹುಪಾಲು ಫೋನಿನಲ್ಲೇ ಮುಗಿಯುವ ಮನವಿ, ಸಂದೇಶಗಳಾದ್ದರಿಂದ, ಬಿಸಿಲಲ್ಲಿ ನಿಂತು ಕಸ ಎತ್ತಿದ ನಾಲ್ಕು ಗಂಟೆಗಳ ತೂಕವನ್ನು ನಾನು ಅವಕ್ಕೆ ಕೊಡಲಾರೆ.

ಲಾಭಕ್ಕಾಗಿ ಕಾರ್ಯಕ್ರಮ ನಡೆಸುವವರು ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಟಿಕೆಟ್ಟಿನ ಆಸೆ ತೋರಿಸಿ ತರುಣರಿಂದ ಮಾಡಿಸಿಕೊಳ್ಳುವುದು ಬೇರೆಯೇ ವಿಷಯ, ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ನಗರಗಳಲ್ಲಿ ಯಾರಾದರೂ ಹಾಗೆ ಕರೆದರೆ ಎಷ್ಟು ಗಂಟೆಯ ಕೆಲಸ, ಊಟ ನೀರು ಉಂಟೇ, ತಡರಾತ್ರಿ ಮನೆಗೆ ತಲುಪಿಸುವ ವ್ಯವಸ್ಥೆ ಏನು ಎಂಬುದನ್ನು ಬರಹದಲ್ಲಿ ಕೇಳಿ. ಕೊಡಲು ಹಿಂಜರಿದರೆ ಹೋಗಬೇಡಿ.

ಪ್ರಶ್ನೆ: ನಿವೃತ್ತರಾದ ನಾವಿಬ್ಬರೂ ಸಂಗೀತಪ್ರಿಯರು, ಮಗನನ್ನು ನೋಡಲು ಬ್ರಿಟನ್ನಿಗೆ ಹೊರಟಿದ್ದೇವೆ. ನಾವೂ ಹೀಗೆ ಸೇವೆ ಮಾಡಿ ಉತ್ಸವ ನೋಡಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಸಂದರ್ಶಕ ವೀಸಾದಲ್ಲಿ ಹೋದವರು ನೋಂದಾಯಿತ ದತ್ತಿಸಂಸ್ಥೆಗೆ ಒಟ್ಟು 30 ದಿನ ಮೀರದಂತೆ ಸ್ವಯಂಸೇವೆ ಮಾಡಬಹುದು, ಆದರೆ ಪ್ರತಿಫಲ ಪಡೆಯುವಂತಿಲ್ಲ. ದುಬಾರಿ ಟಿಕೆಟ್ಟನ್ನು ಪ್ರತಿಫಲವೆಂದು ಅಧಿಕಾರಿಗಳು ಭಾವಿಸುವ ಸಾಧ್ಯತೆ ಇರುವುದರಿಂದ ನೀವು ಟಿಕೆಟ್ ಕೊಂಡು ಹೋಗುವುದೇ ಲೇಸು. ಕಬ್ಬನ್ ಉದ್ಯಾನದಲ್ಲಿರುವಂಥ ವಾದ್ಯಮಂಟಪಗಳು ಅಲ್ಲಿನ ಊರುಗಳ ಉದ್ಯಾನಗಳಲ್ಲೂ ಇವೆ, ಬೇಸಿಗೆಯಲ್ಲಿ ಹಲವು ಕಡೆ ಅಲ್ಲಿ ಉಚಿತ ಕಛೇರಿಗಳು ನಡೆಯುತ್ತವೆ. ನಿಮ್ಮ ಮಗನಿರುವ ಊರಿನ ನಗರಸಭೆಯ ಪ್ರಕಟಣೆಗಳಲ್ಲಿ ಅವುಗಳ ದಿನಾಂಕ ಸಿಗಬಹುದು.